ಹಾಸಿಗೆಯ ಪಕ್ಕಕ್ಕೆ ಒಂದು ಅಲಾರಂ ಗಡಿಯಾರ

ಒಂದೇ ಪೆನ್ಸಿಲ್ ಸೆಲ್ಲಿನಿಂದ ಓಡುವ, ಮೇಜಿನ ಮೇಲಿಡುವ ಈ ಸಾಮಾನ್ಯ ಅಲಾರಂ ಗಡಿಯಾರ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಅಂಗಡಿಯೊಂದರಲ್ಲಿ 500 ರೂಪಾಯಿಗೂ ಕಡಿಮೆ ಬೆಲೆಗೆ ಸಿಕ್ಕಿತು. ಇದೇ ಬಗೆಯವು ಹಲವು ಕಂಪನಿಗಳ ಹೆಸರಿನಲ್ಲಿ ಎಲ್ಲ ಊರುಗಳಲ್ಲೂ ದೊರೆಯುತ್ತವೆ. ಬೆಳಿಗ್ಗೆ ಎಬ್ಬಿಸುವ ಕೆಲಸವನ್ನು ಮೊಬೈಲೇ ಮಾಡುತ್ತಿರುವಾಗ ಇದೇಕೆ ಬೇಕು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನಾನು ಇದನ್ನು ಕೊಂಡದ್ದು ಮೊಬೈಲನ್ನು ಮಲಗುವ ಕೋಣೆಯಿಂದ ಆಚೆಗಿಡುವುದಕ್ಕಾಗಿ. ಅಲಾರಂ ಎಂಬ ಕಾರಣ ಇರುವ ತನಕ ಮೊಬೈಲು ದಿಂಬಿನ ಪಕ್ಕದಲ್ಲೇ ಇರುತ್ತದೆ. ನಡುರಾತ್ರಿ ಎಚ್ಚರವಾದಾಗ ಗಂಟೆ ಎಷ್ಟಾಯಿತೆಂದು ನೋಡಲು ಅದನ್ನು ಕೈಗೆತ್ತಿಕೊಂಡವರು ಕಚೇರಿಯ ಸಂದೇಶವನ್ನೋ ಯಾವುದೋ ಊರಿನ ಅಪಘಾತದ ಸುದ್ದಿಯನ್ನೋ ಓದಿ, ಮತ್ತೆ ನಿದ್ದೆ ಬಾರದೆ ಹೊರಳಾಡುತ್ತಾರೆ.

ನಿದ್ದೆಗೂ ಮನಸ್ಸಿಗೂ ಇರುವ ನಂಟು ಎರಡು ಕಡೆಯಿಂದಲೂ ಎಳೆಯುವಂಥದ್ದು. ಆತಂಕ ಮತ್ತು ಖಿನ್ನತೆ ನಿದ್ದೆಯನ್ನು ಕೆಡಿಸುತ್ತವೆ, ಕೆಟ್ಟ ನಿದ್ದೆ ಅವೆರಡನ್ನೂ ಹೆಚ್ಚಿಸುತ್ತದೆ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ನಡವಳಿಕೆಯನ್ನು ತಿದ್ದುವ ಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಸಲಹೆ ನೀಡಿತು. ಆ ಚಿಕಿತ್ಸೆಯ ಭಾಗವಾದ ಕೆಲವು ನಿಯಮಗಳು ಬಹಳ ಸರಳವಾಗಿವೆ: ಹಾಸಿಗೆ ನಿದ್ದೆಗೆ ಮೀಸಲಾಗಿರಬೇಕು, ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕುಳಿತು ನಿದ್ದೆ ಬರುವಂತಾದಾಗ ಮರಳಬೇಕು, ಮತ್ತು ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು. ಈ ಮೂರನೆಯದೇ ಗಡಿಯಾರದ ನಿಜವಾದ ಕೆಲಸ. ನಮ್ಮ ಮಿದುಳಿನೊಳಗಿನ ಗಡಿಯಾರದ ಒಂದು ಸುತ್ತು 24 ಗಂಟೆಗಿಂತ ತುಸು ಹೆಚ್ಚು ಹಿಡಿಯುವುದರಿಂದ ಅದನ್ನು ದಿನವೂ ಸರಿಪಡಿಸಬೇಕಾಗುತ್ತದೆ, ಸರಿಪಡಿಸುವುದು ಮುಖ್ಯವಾಗಿ ಬೆಳಗಿನ ಬೆಳಕು. ಹಾಗಾಗಿ ಅಲಾರಂ ನಿಲ್ಲಿಸಿದ ಮೇಲೆ ಕಿಟಕಿ ತೆರೆದು ಅಥವಾ ಅಂಗಳಕ್ಕೆ ಬಂದು ಸ್ವಲ್ಪ ಹೊತ್ತು ನಿಲ್ಲುವುದನ್ನೂ ಇದೇ ಅಭ್ಯಾಸಕ್ಕೆ ಸೇರಿಸಿಕೊಂಡಿದ್ದೇನೆ. ಭಾನುವಾರವೂ ಅದೇ ಹೊತ್ತಿಗೆ ಏಳುವುದು ಕಷ್ಟವೇ ಆದರೂ, ಸೋಮವಾರದ ಬೆಳಗಿನ ಭಾರ ಕಡಿಮೆಯಾಗಿರುವುದು ನನ್ನ ಅನುಭವಕ್ಕೆ ಸ್ಪಷ್ಟವಾಗಿ ಬಂದಿದೆ.

ಇನ್ನು ವಸ್ತುವಿನ ಗುಣದೋಷಗಳು. ಇದರೊಳಗಿನ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸುವುದರಿಂದ ಸಮಯ ನಿಖರವಾಗಿಯೇ ಇರುತ್ತದೆ; ತೊಂದರೆ ಇರುವುದು ಸದ್ದಿನಲ್ಲಿ. ಸೆಕೆಂಡಿಗೊಮ್ಮೆ ಜಿಗಿಯುವ ಮುಳ್ಳಿನ ಟಿಕ್ ಟಿಕ್ ಹಗಲಿನಲ್ಲಿ ಕೇಳಿಸುವುದೇ ಇಲ್ಲ, ಆದರೆ ಬೀದಿಯ ಓಡಾಟ ನಿಂತ ಮೇಲೆ, ಅದರಲ್ಲೂ ಮನಸ್ಸು ಮೊದಲೇ ಕಳವಳಗೊಂಡಿದ್ದರೆ, ಅದು ಕಿವಿಯನ್ನು ಬಿಡುವುದಿಲ್ಲ. ನಾನು ಮೊದಲು ತಂದ ಗಡಿಯಾರವನ್ನು ಈ ಕಾರಣಕ್ಕಾಗಿಯೇ ಬದಲಾಯಿಸಿ, ಮುಳ್ಳು ನಿಲ್ಲದೆ ಜಾರುತ್ತಾ ಸಾಗುವಂಥದ್ದನ್ನು ತಂದೆ. ಅಂಗಡಿಯವರು ಇದನ್ನು ಸ್ವೀಪ್ ಅಥವಾ ಸೈಲೆಂಟ್ ಮಷಿನ್ ಎನ್ನುತ್ತಾರೆ, ಬೆಲೆ ತುಸು ಹೆಚ್ಚು. ಮಲಗುವ ಕೋಣೆಗೆ ಇದನ್ನೇ ಕೇಳಿ ಪಡೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅಲಾರಂ ಮುಳ್ಳಿನ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಅದು ಒಂದು ಗಂಟೆಯ ಅವಧಿಯನ್ನು ಬಹಳ ಚಿಕ್ಕ ಜಾಗದಲ್ಲಿ ತೋರಿಸುವುದರಿಂದ ಆರಕ್ಕೆ ಇಟ್ಟದ್ದು ಐದು ನಿಮಿಷ ಮೊದಲೋ ನಂತರವೋ ಬಾರಿಸಬಹುದು. ರೈಲು ಹಿಡಿಯುವ ದಿನ ಇದೊಂದನ್ನೇ ನಂಬುವುದು ಬೇಡ. ಮುಳ್ಳುಗಳು 12 ಗಂಟೆಯ ಲೆಕ್ಕದಲ್ಲಿ ತಿರುಗುವ ಕಾರಣ ಬೆಳಿಗ್ಗೆ ಗುಂಡಿ ಆರಿಸದಿದ್ದರೆ ಸಂಜೆ ಆರಕ್ಕೂ ಅದು ಕೂಗುತ್ತದೆ. ರಾತ್ರಿ ಮಲಗುವ ಮುನ್ನ ಗುಂಡಿ ಹಾಕಿ, ಗಡಿಯಾರದ ಮುಖವನ್ನು ಗೋಡೆಗೆ ತಿರುಗಿಸಿಡುವುದು ಒಳ್ಳೆಯದು, ಏಕೆಂದರೆ ನಿದ್ದೆ ಬಾರದವರು ಗಂಟೆ ನೋಡಿ ಉಳಿದ ಹೊತ್ತನ್ನು ಲೆಕ್ಕ ಹಾಕುತ್ತಾ ಹೋದಂತೆ ಆತಂಕ ಹೆಚ್ಚುತ್ತದೆ. ಇದೇ ಕಾರಣಕ್ಕೆ ಕೆಂಪು ಅಂಕಿಗಳು ರಾತ್ರಿಯಿಡೀ ಉರಿಯುವ ಡಿಜಿಟಲ್ ಗಡಿಯಾರಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ದೀಪ ಬೇಕೆಂದಾಗ ಮಾತ್ರ ಒತ್ತಿ ಹೊತ್ತಿಸುವ ಗುಂಡಿ ಇದರಲ್ಲಿದೆ, ಅಷ್ಟು ಸಾಕು.

ಮೊಬೈಲನ್ನು ಹೊರಗಿಡುವುದಕ್ಕೆ ಮನೆಗಳಲ್ಲಿ ಬರುವ ದೊಡ್ಡ ಆಕ್ಷೇಪ ತುರ್ತು ಕರೆಯದು. ಊರಿನಲ್ಲಿ ವಯಸ್ಸಾದ ತಂದೆ ತಾಯಿ ಇರುವವರಿಗೆ ಈ ಭಯ ನಿಜವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ. ನಾವು ಮೊಬೈಲನ್ನು ಹಜಾರದಲ್ಲಿ ಚಾರ್ಜಿಗಿಟ್ಟು, ಸಂದೇಶಗಳ ಸದ್ದನ್ನು ಅಡಗಿಸಿ, ಕರೆಯ ಗಂಟೆಯನ್ನು ಮಾತ್ರ ಜೋರಾಗಿಟ್ಟಿದ್ದೇವೆ. ಕರೆ ಬಂದರೆ ಕೇಳಿಸುತ್ತದೆ, ಎದ್ದು ಹೋಗಿ ತೆಗೆದುಕೊಳ್ಳಬಹುದು.

ಗಡಿಯಾರಕ್ಕೆ ಅದರದೇ ಮಿತಿಯಿದೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಕೆಡುವುದು ಮೂರು ತಿಂಗಳಿಂದ ನಡೆದಿದ್ದರೆ, ಅಥವಾ ಅದಕ್ಕೂ ಮೊದಲೇ ಯಾವುದರಲ್ಲೂ ಆಸಕ್ತಿ ಉಳಿಯದೆ ಬದುಕೇ ಬೇಡವೆನಿಸುತ್ತಿದ್ದರೆ, ಅಭ್ಯಾಸಗಳನ್ನು ತಿದ್ದುತ್ತಾ ಕಾಯಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ, ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಕೊಳ್ಳುವವರು ಆನ್‌ಲೈನ್‌ನಲ್ಲಿ ತರಿಸುವುದಕ್ಕಿಂತ ಅಂಗಡಿಗೇ ಹೋಗುವುದು ಮೇಲು. ಸೆಲ್ ಹಾಕಿಸಿ, ಗಡಿಯಾರವನ್ನು ಕಿವಿಗೆ ಹಿಡಿದು ಸದ್ದು ಎಷ್ಟಿದೆ ಎಂದು ಕೇಳಿ, ಅಲಾರಂ ಒಮ್ಮೆ ಬಾರಿಸಿ ನೋಡಿ. ಮೆಲ್ಲಗೆ ಆರಂಭವಾಗಿ ಕ್ರಮೇಣ ಜೋರಾಗುವ ಅಲಾರಂ ಇರುವುದನ್ನೇ ಆರಿಸಿಕೊಳ್ಳಿ; ಬೆಚ್ಚಿಬಿದ್ದು ಏಳುವುದರಿಂದ ಬೆಳಗು ಒಳ್ಳೆಯದಾಗುವುದಿಲ್ಲ.