ಹಿರಿಯರ ನಿವಾಸದ ಯುಗಾದಿ ಕೈತೋಟ: ನೆಲದ ಪಾತಿಯೋ, ಇಟ್ಟಿಗೆ ಕಟ್ಟೆಯೋ, ಸ್ಟ್ಯಾಂಡ್ ಮೇಲಿನ ಗ್ರೋ ಬ್ಯಾಗೋ?

ಮೂರನ್ನೂ ಬಳಸಿ ನೋಡಿದ ಮೇಲೆ ಹೇಳುವುದಾದರೆ, ಬೆಂಗಳೂರಿನ ಅಸಿಸ್ಟೆಡ್ ಲಿವಿಂಗ್ ನಿವಾಸಕ್ಕೆ (ದಿನದ ಕೆಲಸಗಳಿಗೆ ನೆರವು ಬೇಕಾದ ಹಿರಿಯರ ಮನೆಗೆ) ಕಬ್ಬಿಣದ ಸ್ಟ್ಯಾಂಡ್ ಮೇಲಿನ ಗ್ರೋ ಬ್ಯಾಗೇ, ಅಂದರೆ ಮಣ್ಣು ತುಂಬಿ ಗಿಡ ಬೆಳೆಸುವ ಚೀಲವೇ ಸರಿ. ಫಸಲಿನ ಲೆಕ್ಕದಲ್ಲಿ ನೆಲದ ಪಾತಿ ಮುಂದು, ನೋಟಕ್ಕೆ ಇಟ್ಟಿಗೆ ಕಟ್ಟೆ ಮುಂದು. ಆದರೆ ವಾಕರ್ ಹಿಡಿದು ಬರುವ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ತಾನೇ ಒಂದು ಹಿಡಿ ಹರಿವೆ ಕಿತ್ತುಕೊಂಡು ಹೋಗುವಂತಾಗುವುದು ಸ್ಟ್ಯಾಂಡ್ ಮುಂದೆ ಮಾತ್ರ.

ನೆಲದ ಪಾತಿಯ ತೊಂದರೆ ಕೂರುವುದಲ್ಲ, ಏಳುವುದು. ಕುಕ್ಕರಗಾಲಿನಲ್ಲಿ ಹತ್ತು ನಿಮಿಷ ಕೂತು ಎದ್ದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಡುತ್ತದೆ. ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ ನುಂಗುವವರಿಗೆ ಇದು ಇನ್ನೂ ಹೆಚ್ಚು. ಮಂಡಿ ಸವೆದವರ ಮಾತು ಬಿಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಚಪ್ಪಲಿ ಬಿಟ್ಟು ಮಣ್ಣಿಗಿಳಿದರೆ ಮುಳ್ಳು ಚುಚ್ಚಿದ್ದು ಸಂಜೆಯವರೆಗೂ ಗೊತ್ತಾಗುವುದಿಲ್ಲ. ಪಾತಿಯ ನಡುವೆ 3 ಅಡಿ ದಾರಿ ಬಿಟ್ಟರೂ ಅದು ಮಣ್ಣಿನ ದಾರಿಯಾದರೆ ವೀಲ್‌ಚೇರಿನ ಮುಂದಿನ ಸಣ್ಣ ಚಕ್ರ ಹೂತುಕೊಳ್ಳುತ್ತದೆ. ಹಾಗಂತ ಪಾತಿಯನ್ನು ಪೂರ್ತಿ ಕೈಬಿಡಬೇಕಿಲ್ಲ. ಬೆಂಡೆ, ಅಲಸಂದೆ, ಕರಿಬೇವು ಅಲ್ಲೇ ಇರಲಿ. ತೋಟದ ಕೆಲಸದವರು ನೋಡಿಕೊಳ್ಳುತ್ತಾರೆ. ಬೆಂಡೆಯ ಸುಂಕು ತಾಗಿದರೆ ವಯಸ್ಸಾದವರ ತೆಳು ಚರ್ಮ ಕೆಂಪಾಗಿ ತುರಿಸುತ್ತದೆ, ಹಾಗಾಗಿ ಅದು ಅವರ ಕೈಗೆ ದೂರವಿದ್ದರೇ ಒಳ್ಳೆಯದು. ಕುರ್ಚಿಯಲ್ಲಿ ಕೂತು ಊರುಗೋಲಿನಿಂದ ತೋರಿಸುತ್ತಾ ಆಜ್ಞೆ ಮಾಡುವ ಹಳೇ ರೈತರಿಗೂ ಪಾತಿಯೇ ಬೇಕು.

ಇಟ್ಟಿಗೆ ಕಟ್ಟೆಗೆ ಹಣ ಹಾಕುವ ಮುನ್ನ ಒಂದು ಲೆಕ್ಕ ಮಾಡಿ. 8 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಎತ್ತರವೆಂದರೆ 64 ಘನ ಅಡಿ ಮಿಶ್ರಣ. ಒದ್ದೆಯಾದಾಗ ಅದು ಎರಡು ಟನ್ ಹತ್ತಿರ ತೂಗುತ್ತದೆ, ಆದ್ದರಿಂದ ತಾರಸಿಯ ಮಾತೇ ಇಲ್ಲ. ಕೂತ ಕೈಗೆ ಎಟುಕುವುದು 2 ಅಡಿ ಮಾತ್ರ, ಗೋಡೆಗೆ ಒರಗಿಸಿ ಕಟ್ಟಿದರೆ ಹಿಂದಿನ ಅರ್ಧ ಯಾರಿಗೂ ದಕ್ಕುವುದಿಲ್ಲ. ಪಕ್ಕದಲ್ಲಿ ವೀಲ್‌ಚೇರ್ ನಿಲ್ಲಿಸಿದವರು ಸೊಂಟ ತಿರುಗಿಸಿಯೇ ಕೆಲಸ ಮಾಡಬೇಕು. ಐದು ನಿಮಿಷಕ್ಕೆ ಬೆನ್ನು ನೋವು ಶುರು. ಒಂದು ಸೀಸನ್ ಕಳೆಯುವಷ್ಟರಲ್ಲಿ ಮಣ್ಣು ಕುಸಿದು ಕೈ ಇನ್ನೂ ಕೆಳಗೆ ಹೋಗಬೇಕಾಗುತ್ತದೆ. ಕಟ್ಟೆಯ ಅಂಚಿಗೆ 9 ಅಂಗುಲದ ಚಪ್ಪಡಿ ಹಾಕಿಸಿದರೆ ಕೂತು ಹರಟಲು ಸೊಗಸಾದ ಜಾಗವಾಗುತ್ತದೆ ನಿಜ. ಅದಕ್ಕೆ ಬೆಂಚು ಸಾಕಿತ್ತು.

ಇನ್ನು ಸ್ಟ್ಯಾಂಡ್. ವೆಲ್ಡಿಂಗ್ ಅಂಗಡಿಯಲ್ಲಿ ಆಂಗಲ್ ಕಬ್ಬಿಣದಿಂದ 20 ಅಂಗುಲ ಎತ್ತರಕ್ಕೆ ಮಾಡಿಸಿ. 12 ಅಂಗುಲ ಅಗಲ, 9 ಅಂಗುಲ ಎತ್ತರದ ಬ್ಯಾಗ್ ಇಟ್ಟರೆ ಮೇಲ್ಭಾಗ 29 ಅಂಗುಲಕ್ಕೆ ಬರುತ್ತದೆ. ನಿಂತವರಿಗೂ ಕುರ್ಚಿಯಲ್ಲಿ ಕೂತವರಿಗೂ ಹೊಂದುತ್ತದೆ. ಒದ್ದೆ ಬ್ಯಾಗ್ ಒಂದಕ್ಕೆ ಸುಮಾರು 15 ಕೆ.ಜಿ., ನಾಲ್ಕು ಬ್ಯಾಗಿನ ಸ್ಟ್ಯಾಂಡಿಗೆ 60. ವಾಕರ್‌ನವರು ಆಯತಪ್ಪಿದಾಗ ಇದನ್ನೇ ಹಿಡಿಯುತ್ತಾರೆ, ಆದ್ದರಿಂದ ಕಾಲುಗಳನ್ನು ನೆಲಕ್ಕೆ ಬೋಲ್ಟ್ ಮಾಡಿಸಲೇಬೇಕು, ಮೂಲೆಗಳನ್ನು ಉಜ್ಜಿಸಲೇಬೇಕು. ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ ಆಂಗಲ್ ಅಂಚು ಗೀರಿದರೆ ಸಣ್ಣ ಗಾಯವೂ ಬೇಗ ಕಟ್ಟುವುದಿಲ್ಲ. ಮೊಣಕಾಲು ಒಳಗೆ ಸೇರಿಸಿ ಎದುರಿಗೇ ಕೂರಬೇಕೆನ್ನುವ ವೀಲ್‌ಚೇರಿನವರಿಗೆ ಒಂದು ಸ್ಟ್ಯಾಂಡನ್ನು 27 ಅಂಗುಲ ಎತ್ತರಕ್ಕೆ ಬೇರೆಯಾಗಿ ಮಾಡಿಸಿ, ಮೇಲೆ 6 ಅಂಗುಲದ ಚಪ್ಪಟೆ ಬ್ಯಾಗ್ ಇಡಿ. ಅಷ್ಟು ಮಣ್ಣಿಗೆ ಮೆಂತ್ಯ, ಕೊತ್ತಂಬರಿ ಸಾಕು, ಬೇರೆ ಹಾಕಬೇಡಿ.

ಮಿಶ್ರಣ: ಕೆಮ್ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ, ಬ್ಯಾಗಿಗೆ ಒಂದು ಹಿಡಿ ಬೇವಿನ ಹಿಂಡಿ.

ಈಗ ನಿಜವಾದ ತಲೆನೋವಿಗೆ ಬರೋಣ: ಬ್ಯಾಗಿನಿಂದ ಇಳಿಯುವ ನೀರು. ಸ್ಟ್ಯಾಂಡ್‌ಗಳನ್ನು ಸಾಮಾನ್ಯವಾಗಿ ವರಾಂಡದ ಅಂಚಿನಲ್ಲಿ, ಟೈಲ್ಸ್ ಮೇಲೆ ಇಡುತ್ತಾರೆ. ಅಲ್ಲಿ ನೆರಳಿದೆ, ಹಿಡಿದು ನಡೆಯಲು ಕಂಬಿ ಇದೆ. ಮೊದಲ ಕೆಲವು ದಿನ ಕೋಕೋಪೀಟಿನ ಕಂದು ನೀರು ಇಳಿದು ಟೈಲ್ಸ್‌ಗೆ ಚಹಾ ಬಣ್ಣದ ಕಲೆ ಕೂರುತ್ತದೆ. ಅದು ಬರೀ ಕಣ್ಣಿಗೆ ಕೆಡುಕು. ಎರಡು ಮೂರು ವಾರದಲ್ಲಿ ಅದೇ ಜಾಗದಲ್ಲಿ ಪಾಚಿ ಕಟ್ಟುತ್ತದೆ, ಅದು ಸೊಂಟದ ಮೂಳೆ ಮುರಿಯುವ ಕೆಡುಕು. ಬ್ಯಾಗಿನ ಕೆಳಗೆ ಪ್ಲಾಸ್ಟಿಕ್ ತಟ್ಟೆ ಇಟ್ಟರಾಯಿತು ಎನ್ನಬೇಡಿ. ತಟ್ಟೆಯಲ್ಲಿ ನಿಂತ ನೀರಿಗೆ ವಾರದೊಳಗೆ ಡೆಂಗಿ ಸೊಳ್ಳೆಯ ಮರಿ ಬರುತ್ತದೆ, ತುಂಬಿದ ತಟ್ಟೆ ಎತ್ತುವಾಗ ಅರ್ಧ ನೀರು ಮತ್ತೆ ಟೈಲ್ಸ್ ಮೇಲೇ ಚೆಲ್ಲುತ್ತದೆ.

ಇಷ್ಟು ನೀರು ಎಲ್ಲಿಂದ ಎಂದು ಹುಡುಕಿದರೆ ಕಾರಣ ಗಿಡವಲ್ಲ, ಪ್ರೀತಿ. ಏಳು ಗಂಟೆಗೆ ವಾಕಿಂಗ್‌ಗೆ ಬಂದ ತಾತ ಒಂದು ಚೊಂಬು ಹಾಕುತ್ತಾರೆ. ತಿಂಡಿ ಮುಗಿಸಿ ಬಂದವರು ಇನ್ನೊಂದು ಚೊಂಬು. ಮರೆವಿನ ಕಾಯಿಲೆಯವರು ಅರ್ಧ ಗಂಟೆ ಬಿಟ್ಟು ಮತ್ತೆ ಬರುತ್ತಾರೆ. ಸಂಜೆ ಮನೆಯವರು ನೋಡಲು ಬಂದಾಗ ಮೊಮ್ಮಗುವಿನ ಕೈಯಿಂದ ಮಗದೊಂದು. ಬಾಗಿಲ ಹತ್ತಿರದ ಬ್ಯಾಗಿನಲ್ಲಿ ಸಸಿಯ ಬುಡ ಕೊಳೆಯುತ್ತದೆ, ತುದಿಯ ಬ್ಯಾಗ್ ಒಣಗಿ ಬಿರುಕು ಬಿಡುತ್ತದೆ. ನೀರು ಹಾಕಬೇಡಿ ಎಂದು ಬೋರ್ಡ್ ತೂಗುಹಾಕಿದರೆ ಗಿಡದ ಹತ್ತಿರ ಯಾರೂ ಬರುವುದಿಲ್ಲ, ಆಮೇಲೆ ತೋಟ ಯಾತಕ್ಕೆ?

ಉಪಾಯ ಬಟ್ಟೆ ಕ್ಲಿಪ್ಪಿನಲ್ಲಿದೆ. ಪ್ರತಿ ಬ್ಯಾಗಿನ ಅಂಚಿಗೆ ಕೆಂಪು ಕ್ಲಿಪ್ ಒಂದು. ಬೆಳಿಗ್ಗೆ ಕ್ಲಿಪ್ಪುಗಳೆಲ್ಲ ಗಿಡದ ಕಡೆ. ನೀರು ಹಾಕಿದವರು ಅದನ್ನು ಕಿತ್ತು ಸ್ಟ್ಯಾಂಡಿನ ಕಂಬಿಗೆ ಸಿಕ್ಕಿಸುತ್ತಾರೆ. ಗಿಡದ ಮೇಲೆ ಕ್ಲಿಪ್ ಇಲ್ಲವೆಂದರೆ ನೀರಾಗಿದೆ. ಕ್ಲಿಪ್ ಒತ್ತುವುದು ಬೆರಳಿಗೂ ವ್ಯಾಯಾಮ ಎಂದು ಫಿಸಿಯೋದವರು ಖುಷಿಪಡುತ್ತಾರೆ. ಚೊಂಬಿನ ಬದಲು ಮುಚ್ಚಳಕ್ಕೆ ತೂತು ಹಾಕಿದ ಅರ್ಧ ಲೀಟರ್ ಬಾಟಲಿ ಕೊಡಿ. ಬೆರಳಿನ ಮೊದಲ ಗೆಣ್ಣಿನಷ್ಟು ಮಣ್ಣು ಒಣಗಿದ್ದರೆ ಒಂದು ಬಾಟಲಿ, ಇಲ್ಲದಿದ್ದರೆ ಬೇಡ. ಆದರೂ ಇಳಿಯುವ ನೀರಿಗೆ ಸ್ಟ್ಯಾಂಡಿನಡಿ ಜಿಐ ಶೀಟಿನ (ಸತು ಲೇಪಿಸಿದ ಕಬ್ಬಿಣದ ತಗಡಿನ) ದೋಣಿ ಹಾಕಿಸಿ, 6 ಅಡಿಗೆ ಒಂದು ಅಂಗುಲ ಇಳಿಜಾರು ಕೊಟ್ಟು, ಬಾಯಿಯನ್ನು ಮಣ್ಣಿನ ಕಡೆಗೆ ತಿರುಗಿಸಿ. ಇದನ್ನು ಮೊದಲೇ ಹೇಳಿ ಮಾಡಿಸಿ. ಆಮೇಲೆ ಬೆಸುಗೆ ಹಾಕಿಸಬೇಕೆಂದರೆ ಬ್ಯಾಗ್ ಎಲ್ಲ ಇಳಿಸಬೇಕು.

ಬಿತ್ತನೆಗೆ ಹಬ್ಬದಿಂದ ಹಿಂದಕ್ಕೆ ಎಣಿಸಿ. 2026ರ ಹಾಗೆ ಯುಗಾದಿ ಮಾರ್ಚ್ 19ಕ್ಕೆ ಬಿದ್ದರೆ ಹರಿವೆ ಫೆಬ್ರವರಿ 18ರ ಸುಮಾರಿಗೆ, ಮೆಂತ್ಯ ಅದಕ್ಕೆ ಒಂದು ವಾರ ತಡವಾಗಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹರಿವೆ ಕೊಯ್ದಷ್ಟೂ ಚಿಗುರುತ್ತದೆ, ಬೇರು ಸಮೇತ ಕೀಳುವ ಕೆಲಸವಿಲ್ಲ. ಕೊತ್ತಂಬರಿಗೆ ಮಾರ್ಚ್ ಕೊನೆಯ ಬಿಸಿಲು ಆಗುವುದಿಲ್ಲ, ಬೇಗ ಹೂವಿಗೆ ಬರುತ್ತದೆ. ಪುದೀನ, ದೊಡ್ಡಪತ್ರೆ ಮುರಿದು ಚುಚ್ಚಿದರೂ ಬದುಕುತ್ತವೆ, ಕೈ ನಡುಗುವವರಿಗೆ ಅದೇ ಧೈರ್ಯ. ಕಣಗಿಲೆಯಂಥ ವಿಷದ ಗಿಡ ಮರೆವಿನವರ ಹತ್ತಿರ ಸುಳಿಯಬಾರದು. ರಕ್ತ ತೆಳುಮಾಡುವ ವಾರ್ಫರಿನ್ ಮಾತ್ರೆ ನುಂಗುವವರ ಊಟದಲ್ಲಿ ಸೊಪ್ಪು ಒಮ್ಮೆಲೇ ಹೆಚ್ಚದಂತೆ ಅಡುಗೆಮನೆಗೆ ಹೇಳಿಡಿ. ಕೆಲಸದ ಹೊತ್ತು ಬೆಳಿಗ್ಗೆ 7ರಿಂದ 8.30, ಅದರಾಚೆ ಬಿಸಿಲು.

ಕಟ್ಟೆಗೆಂದೇ ಹಣ ಎತ್ತಿಟ್ಟವರೂ ಮೊದಲು ಎರಡು ಸ್ಟ್ಯಾಂಡ್ ಮಾಡಿಸಿ, ಒಂದು 20 ಅಂಗುಲದ್ದು, ಒಂದು 27ರದ್ದು. ಏಪ್ರಿಲ್ ಮುಗಿಯುವ ಹೊತ್ತಿಗೆ ಯಾವುದರ ಮುಂದೆ ಜನ ಹೆಚ್ಚೆಂದು ಗೊತ್ತಾಗುತ್ತದೆ, ಮೂರನೆಯದನ್ನು ಆ ಎತ್ತರಕ್ಕೇ ಮಾಡಿಸಿ.