ಓದುವ ಪೆನ್ನು ಡ್ರಾಯರಿನಲ್ಲಿದೆ, ಫೋನು ಮಗಳ ಕೈಯಲ್ಲಿದೆ

ಓದಲು ಕಷ್ಟಪಡುವ ಮಗುವಿಗೆ ಓದುವ ಪೆನ್ನು ಒಳ್ಳೆಯದೋ, ಫೋನೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫೋನಿಗೆ. ಮನೆಯಲ್ಲೇ ಇದ್ದ ಫೋನನ್ನು ಬಿಟ್ಟು, ದುಡ್ಡು ಸುರಿದು ಓದಿ ಹೇಳುವ ಸ್ಕ್ಯಾನರ್ ಪೆನ್ನು ತಂದವನು ನಾನು. ಆ ಹೊಟ್ಟೆಯುರಿಯಲ್ಲಿ ಬರೆಯುತ್ತಿದ್ದೇನೆ ಎಂದುಕೊಂಡರೂ ಬೇಜಾರಿಲ್ಲ.

ಮಗಳಿಗೆ 12 ವರ್ಷ, ಡಿಸ್ಲೆಕ್ಸಿಯಾ ಇದೆ. ಯಾರಾದರೂ ಓದಿ ಹೇಳಿದರೆ ದೊಡ್ಡವರ ಪುಸ್ತಕವೂ ತಲೆಗೆ ಹೋಗುತ್ತದೆ. ಅಕ್ಷರ ನೋಡಿ ಅದನ್ನು ಸದ್ದಾಗಿಸುವಷ್ಟರಲ್ಲಿ ಸುಸ್ತಾಗುತ್ತಾಳೆ. ಹಾಗಾಗಿ ಓದಿ ಹೇಳುವ ಸಾಧನ ಬೇಕಿತ್ತು. ಅಲ್ಲಿಯವರೆಗೆ ನನ್ನ ಲೆಕ್ಕ ಸರಿಯಿತ್ತು.

ಪೆನ್ನನ್ನು ಸಾಲಿನ ಮೇಲೆ ನೇರವಾಗಿ, ಒಂದೇ ವೇಗದಲ್ಲಿ ಎಳೆಯಬೇಕು. ಸಾಲು ತಪ್ಪುವುದೇ ತನ್ನ ಪಾಡಾಗಿರುವ ಹುಡುಗಿಯ ಕೈಗೆ ‘ಸಾಲು ತಪ್ಪದೆ ಎಳೆ’ ಎನ್ನುವ ಯಂತ್ರ ಕೊಟ್ಟಿದ್ದೆ! ಪದದ ಮೇಲೇ ಇಟ್ಟು ಶುರು ಮಾಡಿದರೆ ಮೊದಲ ಅಕ್ಷರ ನುಂಗುತ್ತದೆ, ಸ್ವಲ್ಪ ಹಿಂದಿನಿಂದ ಬರಬೇಕು. ಒಂಚೂರು ಓರೆಯಾದರೆ ಕೆಳಗಿನ ಸಾಲಿನ ತುಂಡನ್ನೂ ಸೇರಿಸಿ ಏನೋ ಬಡಬಡಿಸುತ್ತದೆ. ದಪ್ಪ ಪುಸ್ತಕದ ನಡುವಿನ ಮಡಿಕೆಯ ಹತ್ತಿರ ಅದು ಕೂರುವುದೇ ಇಲ್ಲ.

ಒಂದು ಪ್ಯಾರಾಕ್ಕೆ ಹತ್ತು ಸಲ ಎಳೆದು, ಕೊನೆಗೆ ಬರುವಾಗ ಮೊದಲಿನದು ಮರೆತು, ‘ಅಪ್ಪಾ, ನೀನೇ ಓದು’ ಎಂದು ಪುಸ್ತಕ ನನ್ನ ಕಡೆ ತಳ್ಳಿದಳು. ಮೂರನೇ ವಾರಕ್ಕೆ ಪೆನ್ನು ಡ್ರಾಯರು ಸೇರಿತು. ಅದಕ್ಕೆ ಕನ್ನಡವೂ ಬರುತ್ತಿರಲಿಲ್ಲ. ಡಬ್ಬಿಯ ಮೇಲಿದ್ದ ಭಾಷೆಗಳ ಪಟ್ಟಿ ನೋಡದೆ ಕೊಂಡದ್ದು ನನ್ನದೇ ತಪ್ಪು.

ಅವಳಿಗೆ ನಿಜಕ್ಕೂ ನೋವಾಗುತ್ತಿದ್ದದ್ದು ಗೆಳತಿಯರ ಗುಂಪು ಚಾಟ್‌ನಲ್ಲಿ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಇವಳಿಗೆ ಜೋಕು ಗೊತ್ತಾಗುತ್ತಿತ್ತು. ಪೆನ್ನಿಗೆ ಬೇಕಾದದ್ದು ಕಾಗದ, ಚಾಟ್‌ನಲ್ಲಿ ಕಾಗದ ಎಲ್ಲಿಂದ ಬರಬೇಕು?

ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲೇ ಇದೆ ಮದ್ದು: ಆಂಡ್ರಾಯ್ಡ್‌ನಲ್ಲಿ ‘ಸೆಲೆಕ್ಟ್ ಟು ಸ್ಪೀಕ್’, ಐಫೋನ್‌ನಲ್ಲಿ ‘ಸ್ಪೀಕ್ ಸ್ಕ್ರೀನ್’. ಎರಡೂ ಪರದೆಯ ಮೇಲಿನ ಬರಹವನ್ನು ಓದಿ ಹೇಳುತ್ತವೆ. ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಾಳೆ, ಮೈಕ್ ಒತ್ತಿ ಉತ್ತರ ಹೇಳುತ್ತಾಳೆ. ಗೋಡೆಯ ಮೇಲಿನ ನೋಟಿಸಿಗೆ ಕ್ಯಾಮೆರಾ ಹಿಡಿದರೆ ಮುಗಿಯಿತು. ಕೊರತೆಯೂ ಉಂಟು: ಇಮೋಜಿಗಳ ಹೆಸರನ್ನೂ ಗಂಭೀರವಾಗಿ ಓದುತ್ತದೆ, ಜನರ ಹೆಸರುಗಳ ಉಚ್ಚಾರಣೆಯನ್ನು ಕೊಲ್ಲುತ್ತದೆ.

ಡಿಸ್ಲೆಕ್ಸಿಯಾ ಇರುವವರಿಗೆಂದೇ ಮಾಡಿದ ಓಪನ್‌ಡಿಸ್ಲೆಕ್ಸಿಕ್ ಫಾಂಟೂ ನೋಡಿದೆವು. 2011ರಿಂದ ಉಚಿತವಾಗಿ ಸಿಗುತ್ತಿದೆ, ಅಕ್ಷರಗಳ ಬುಡ ದಪ್ಪ. ಓದಿನ ವೇಗ ಹೆಚ್ಚುತ್ತದೆಯೇ ಎಂದು ಪರೀಕ್ಷಿಸಿದವರಿಗೆ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ, ನಮಗೂ ಕಾಣಲಿಲ್ಲ. ಪುಟದ ಮೇಲಿಟ್ಟು ಓದುವ ಬಣ್ಣದ ಪಾರದರ್ಶಕ ಹಾಳೆಯ ಗೋಜಿಗೆ ಹೋಗಲೇ ಇಲ್ಲ; ಬಣ್ಣದ ಕನ್ನಡಕ, ಫಿಲ್ಟರ್‌ಗಳಿಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ.

ಪೂರ್ತಿ ಪುಸ್ತಕ ಬೇಕಾದವರು ಓದಲು ತೊಂದರೆ ಇರುವವರ ಆನ್‌ಲೈನ್ ಗ್ರಂಥಾಲಯ ಬುಕ್‌ಶೇರ್ ನೋಡಬಹುದು. ಇಂಥ ಪ್ರತಿಗಳಿಗಾಗಿ ಕೃತಿಸ್ವಾಮ್ಯದ (ಕಾಪಿರೈಟ್) ನಿಯಮ ಸಡಿಲಿಸುವ 2013ರ ಅಂತರರಾಷ್ಟ್ರೀಯ ಮರ್ರಕೇಶ್ ಒಪ್ಪಂದ ದೃಷ್ಟಿ ಇಲ್ಲದವರ ಜೊತೆ ಓದಿನ ತೊಂದರೆ ಇರುವವರನ್ನೂ ಒಳಗೊಂಡಿದೆ. ಹಾಗಾಗಿ ಒಂದು ದೇಶದಲ್ಲಿ ತಯಾರಾದ ಆಡಿಯೊ ಪ್ರತಿ ಒಪ್ಪಂದಕ್ಕೆ ಸೇರಿದ ಇನ್ನೊಂದು ದೇಶದ ಮಗುವಿಗೂ ತಲುಪಬಹುದು. ಬುಕ್‌ಶೇರ್ ಸದಸ್ಯತ್ವಕ್ಕೆ ಓದಿನ ತೊಂದರೆ ಇದೆ ಎಂಬ ಪ್ರಮಾಣಪತ್ರ ಕೇಳುತ್ತಾರೆ, ಸಿದ್ಧವಾಗಿಟ್ಟುಕೊಳ್ಳಿ.

ಫೋನು ಬಿಡದ ಪರೀಕ್ಷಾ ಕೊಠಡಿಯಲ್ಲಿ, ನಿಯಮ ಒಪ್ಪಿದರೆ, ಪೆನ್ನು ಕೆಲಸಕ್ಕೆ ಬಂದೀತು. ಅದಕ್ಕೇ ಮಾರಿಲ್ಲ. ಕಾಗದದ ಪುಸ್ತಕವೇ ಹೆಚ್ಚು ಓದುವ, ಕೈ ಸ್ಥಿರವಾಗಿರುವ ಮಕ್ಕಳಿಗೂ ಅದು ಹೊಂದಬಹುದು. ನಮ್ಮವಳಂತೂ ಚಾಟ್‌ನಲ್ಲಿ ಜಗಳವಾಡುವ ಮಟ್ಟಕ್ಕೆ ಬಂದಿದ್ದಾಳೆ. ಊಟಕ್ಕೆ ಕೂತಾಗ ಇಯರ್‌ಫೋನ್ ತೆಗೆ ಎಂದು ಗದರುವ ಕೆಲಸ ಈಗ ನನ್ನದು.