ಮೈಸೂರಿನಲ್ಲಿ ‘ಪಾರಂಪರಿಕ ನಡಿಗೆ’ ಎಂದು ಹಣ ಪಡೆದು ಗಂಧದೆಣ್ಣೆ ಅಂಗಡಿ ತೋರಿಸುತ್ತಾರೆ, ಎಚ್ಚರ

ಮೈಸೂರಿನ ಹಳೆಯ ಕಟ್ಟಡಗಳನ್ನು ನಡೆಯುತ್ತಾ ತೋರಿಸುತ್ತೇವೆಂದು ಮುಂಗಡ ಹಣ ಪಡೆದು, ಅರ್ಧ ದಾರಿಯಲ್ಲೇ ಗಂಧದೆಣ್ಣೆಯ ಅಂಗಡಿ ಹತ್ತಿಸುವ ಮಾರ್ಗದರ್ಶಿಗಳಿದ್ದಾರೆ. ಕಳೆದ ಭಾನುವಾರ ನನಗೂ ನನ್ನ ಅತ್ತೆಯವರಿಗೂ ಅಂಥವನೇ ಗಂಟುಬಿದ್ದ. ಪುರಭವನ, ದೊಡ್ಡ ಗಡಿಯಾರ, ಚಿಕ್ಕ ಗಡಿಯಾರ, ದೇವರಾಜ ಮಾರುಕಟ್ಟೆ, ಜಗನ್ಮೋಹನ ಅರಮನೆ, ಕೊನೆಗೆ ದೊಡ್ಡ ಅರಮನೆ, ಎಲ್ಲವನ್ನೂ ಆರಾಮವಾಗಿ ತೋರಿಸುವುದಾಗಿ ಫೋನಿನಲ್ಲಿ ಹೇಳಿ ಇಬ್ಬರಿಗೆ 1,500 ರೂಪಾಯಿ ಮೊದಲೇ ಹಾಕಿಸಿಕೊಂಡಿದ್ದ.

ದೊಡ್ಡ ಗಡಿಯಾರದ ಮುಂದೆ ನಿಂತು “ಇದು ಬ್ರಿಟಿಷರು ಕಟ್ಟಿಸಿದ್ದು” ಎಂದ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಅರಮನೆಯ ನೌಕರರು 1927ರಲ್ಲಿ ಕಟ್ಟಿಸಿದ ಗೋಪುರವದು. ಅದರ ಮುಖದ ಮೇಲಿರುವ ಕನ್ನಡ ಅಂಕಿಗಳನ್ನು ನಮ್ಮ ಅತ್ತೆಯೇ ಬೆರಳು ತೋರಿಸಿ ಹೇಳಬೇಕಾಯಿತು. ಪಕ್ಕದ ಪುರಭವನ ದಿವಾನ್ ರಂಗಾಚಾರ್ಲು ಅವರ ಸ್ಮಾರಕವೆಂಬ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ಆಗಲೇ ಅವನಿಗೆ ಅವಸರ.

ಮಾರುಕಟ್ಟೆಯ ಕುಂಕುಮದ ರಾಶಿಗಳ ಮುಂದೆ ಅತ್ತೆ ನಿಂತಿದ್ದಾಗ, “ಅರಮನೆ ಇವತ್ತು ಮಧ್ಯಾಹ್ನ ಎರಡಕ್ಕೆ ತೆಗೆಯೋದು ಮೇಡಂ, ಅಷ್ಟರಲ್ಲಿ ಎಣ್ಣೆ ತೆಗೆಯೋದನ್ನ ನೋಡಿ ಬರೋಣ” ಎಂದು ಒಂದು ಓಣಿಯ ಮಹಡಿಗೆ ಕರೆದೊಯ್ದ. ಅಲ್ಲಿ ಎಣ್ಣೆ ತೆಗೆಯುವ ಯಂತ್ರವೂ ಇರಲಿಲ್ಲ, ಒಲೆಯೂ ಇರಲಿಲ್ಲ. ಗೋಡೆಯುದ್ದಕ್ಕೂ ಶೀಷೆಗಳು ಮಾತ್ರ. ಅಂಗಡಿಯವನು ಅತ್ತೆಯ ಮಣಿಕಟ್ಟಿಗೆ ಎಣ್ಣೆ ಸವರಿ, ಮಂಡಿನೋವಿಗೆ ಇದೇ ಮದ್ದೆಂದು ಹೇಳಿ, ಸರ್ಕಾರಿ ಕಾರ್ಖಾನೆಯ ಮಾಲೆಂದು ನಂಬಿಸಿ, ಬೋಣಿಯಾಗಿಲ್ಲವೆಂದು ಗೋಗರೆದು ಬೆರಳುದ್ದದ ಶೀಷೆಗೆ 2,400 ರೂಪಾಯಿ ಕಿತ್ತುಕೊಂಡ. ನಾವು ಮೆಟ್ಟಿಲಿಳಿಯುತ್ತಿದ್ದಂತೆ ಹಿಂದಿನಿಂದ ಅವನ ದನಿ ಕೇಳಿಸಿತು: “ಇವರದ್ದು ಇಪ್ಪತ್ನಾಲ್ಕು, ಬರ್ಕೋ.” ಮಾರ್ಗದರ್ಶಿ ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡ. ನಮ್ಮ ಕಣ್ಣೆದುರೇ ಬರೆದುಕೊಂಡ! ಎಪ್ಪತ್ತು ದಾಟಿದ ಅತ್ತೆಯ ಮುಖ ನೋಡಲು ನನಗೆ ಆಗಲಿಲ್ಲ.

ಪ್ರಶ್ನಿಸಿದಾಗ ಅವನು ಕೊಟ್ಟ ಉತ್ತರ: “ನಾನೇನು ಕುತ್ತಿಗೆ ಹಿಡಿದು ಕೊಡಿಸಿದ್ನಾ? ಅಮ್ಮನೋರೇ ಖುಷಿಯಿಂದ ತಗೊಂಡ್ರಲ್ಲ.” ಜಗನ್ಮೋಹನ ಅರಮನೆಯ ವಿಷಯ ಕೇಳಿದರೆ, “ಅಲ್ಲಿ ಬರೀ ಚಿತ್ರ ಇವೆ, ಕಾಲು ನೋಯುತ್ತೆ ಬಿಡಿ” ಎಂದ. ರವಿವರ್ಮನ ಚಿತ್ರಗಳನ್ನು ನೋಡಲೆಂದೇ ಅತ್ತೆ ಊರಿನಿಂದ ಬಂದಿದ್ದರು. ಅವನನ್ನು ಅಲ್ಲೇ ಬಿಟ್ಟು ನಾವಿಬ್ಬರೇ ದೊಡ್ಡ ಅರಮನೆಯತ್ತ ನಡೆದೆವು. ಹನ್ನೆರಡೂವರೆಗೆ ಬಾಗಿಲು ತೆರೆದೇ ಇತ್ತು, ಒಳಗೆ ಜನಜಂಗುಳಿ. ಸಂಜೆ ಹಣ ವಾಪಸ್ ಕೇಳಿ ಸಂದೇಶ ಕಳುಹಿಸಿದ್ದಕ್ಕೆ “ಅಂಗಡಿಗೂ ನನಗೂ ಸಂಬಂಧವಿಲ್ಲ, ನಡಿಗೆ ಮುಗಿದಿದೆ” ಎಂದು ಬರೆದು ನನ್ನ ನಂಬರನ್ನೇ ಬ್ಲಾಕ್ ಮಾಡಿದ. ಸಂಬಂಧವಿಲ್ಲದವನು ಪುಸ್ತಕದಲ್ಲಿ ಬರೆದುಕೊಂಡದ್ದೇನು?

ಅರಮನೆ ಭಾನುವಾರವೂ ಬೆಳಿಗ್ಗೆ 10ಕ್ಕೇ ತೆರೆಯುತ್ತದೆ. ಮುಚ್ಚಿದೆ ಎನ್ನುವವನ ಜೊತೆ ಒಂದು ಹೆಜ್ಜೆಯನ್ನೂ ಇಡಬೇಡಿ. ಗಂಧದೆಣ್ಣೆ ಬೇಕಿದ್ದರೆ ಸರ್ಕಾರಿ ಮಳಿಗೆಯಲ್ಲೇ ರಸೀದಿ ಪಡೆದು ಕೊಳ್ಳಿ, ಮುಂಗಡವನ್ನಂತೂ ಯಾರಿಗೂ ಕೊಡಬೇಡಿ. ಪಾವತಿಯ ದಾಖಲೆ ಮತ್ತು ಅವನ ಸಂದೇಶಗಳೊಂದಿಗೆ ನಾನು ಪೊಲೀಸರಿಗೆ ದೂರು ಕೊಟ್ಟಿದ್ದೇನೆ. ಇದೇ ರೀತಿ ಮೋಸಹೋದವರು ನೀವೂ ಕೊಡಿ.